‘ಆಲು’ ಅಂದ ಮಗುವಿಗೆ ‘ತಪ್ಪು’ ಅನ್ನುವ ಮುಂಚೆ: ಕನ್ನಡ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಮೇಷ್ಟ್ರುಗಳಿಗೆ, ಟೀಚರುಗಳಿಗೆ, ಡಿ.ಎಡ್., ಬಿ.ಎಡ್. ಕಾಲೇಜುಗಳಲ್ಲಿ ಅವರನ್ನು ತಯಾರು ಮಾಡುವವರಿಗೆ, ಪಠ್ಯಪುಸ್ತಕ ಬರೆಯುವ ಸಮಿತಿಗಳವರಿಗೆ, ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಒಂದು ರಾತ್ರಿ ನಮ್ಮ ಅಕ್ಕನ ಮಗಳು ಊಟಕ್ಕೆ ಕೂತಿದ್ದಳು. ಮೂರನೇ ಕ್ಲಾಸು. ಹುಟ್ಟಿ ಬೆಳೆದದ್ದು ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಈ ವರ್ಷವಷ್ಟೇ ಬೆಂಗಳೂರಿನ ಶಾಲೆಗೆ ಸೇರಿದ್ದಾಳೆ. ನಮ್ಮವ್ವ ಇನ್ನೊಂದು ಸೌಟು ಅನ್ನ ಹಾಕಲು ಹೋದರು. ಮಗು ತಟ್ಟೆಗೆ ಕೈ ಅಡ್ಡ ಹಿಡಿದಳು. ಏನೋ ಹೇಳಲು ಹೋಗಿ ತಡೆದಳು. ಆಮೇಲೆ ಉಸಿರು ಎಳೆದುಕೊಂಡು, ಒಂದೊಂದೇ ಅಕ್ಷರ ಜೋಡಿಸಿದ ಹಾಗೆ, ‘ಹನ್ನ ಸಾಕು ಅಜ್ಜಿ’ ಅಂದಳು.

ಹನ್ನ. ಅವ್ವನಿಗೆ ಅರ್ಥವೇ ಆಗಲಿಲ್ಲ. ನನಗೆ ಅರ್ಥ ಆಯಿತು, ಎದೆ ಚುರ್ ಅಂದಿತು.

ಮಲಗುವಾಗ ಮೆಲ್ಲಗೆ ಕೇಳಿದೆ. ಕ್ಲಾಸಿನಲ್ಲಿ ಪಾಠ ಓದುವಾಗ ‘ಹಾಲು’ ಅನ್ನುವುದನ್ನು ‘ಆಲು’ ಅಂತ ಓದಿದ್ದಾಳೆ. ಮಕ್ಕಳು ನಕ್ಕಿದ್ದಾರೆ. ಟೀಚರು ಅಲ್ಲೇ ನಿಲ್ಲಿಸಿ ಹತ್ತು ಸಲ ‘ಹಾಲು’ ಅನ್ನಿಸಿ, ‘ಮನೇಲೂ ಹಿಂಗೇ ಮಾತಾಡ್ತೀರಾ?’ ಅಂತ ಕೇಳಿದ್ದಾರೆ. ಅವತ್ತಿನಿಂದ ಮಗುವಿಗೆ ಯಾವ ಮಾತಿಗೆ ಹ ಇದೆ, ಯಾವುದಕ್ಕೆ ಇಲ್ಲ ಅನ್ನುವುದೇ ಭಯ. ಯಾವುದಕ್ಕೂ ಇರಲಿ ಅಂತ ಎಲ್ಲದಕ್ಕೂ ಒಂದು ಹ ಸೇರಿಸುತ್ತಿದ್ದಾಳೆ. ಅಕ್ಕ ಹಕ್ಕ ಆಗಿದೆ, ಅನ್ನ ಹನ್ನ ಆಗಿದೆ. ‘ಮಾವ, ನಂಗೆ ಕನ್ನಡ ಬರಲ್ವಂತೆ’ ಅಂದಳು. ಕನ್ನಡ ಬಿಟ್ಟು ಬೇರೆ ಯಾವ ಭಾಷೆಯೂ ಬಾರದ ಮಗು ಅದು.

ಆ ಟೀಚರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಅವರೂ ಮಗುವಿಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದಾರೆ. ನನಗೂ ಚಿಕ್ಕಂದಿನಲ್ಲಿ ಹೀಗೇ ಹೇಳಿಕೊಟ್ಟರು, ಬಹುಶಃ ಅವರಿಗೂ ಹೀಗೇ ಹೇಳಿಕೊಟ್ಟಿರುತ್ತಾರೆ. ಆದರೆ ನಾನು ಮುಂದೆ ಭಾಷಾವಿಜ್ಞಾನ ಓದಿದೆ. ಈಗ ಹೊಟ್ಟೆಪಾಡಿಗೆ ಮಾಡುವ ಕೆಲಸವೂ ಅದಕ್ಕೆ ಹತ್ತಿರದ್ದೇ: ಜನ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ, ಅದನ್ನು ಕೇಳಿ ಇದ್ದದ್ದು ಇದ್ದ ಹಾಗೆ ಬರೆದಿಡಬೇಕು. ಬೆಳಗಿಂದ ಸಂಜೆವರೆಗೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡ ಕೇಳುತ್ತೇನೆ. ಒಂದೊಂದು ಮಾತನ್ನು ಇಪ್ಪತ್ತು ಸಲ ಹಿಂದೆ ಮುಂದೆ ಮಾಡಿ ಕೇಳಿದ್ದೂ ಉಂಟು. ಹಾಗೆ ಕೇಳಿ ಕೇಳಿ ಗೊತ್ತಾದ ಕೆಲವು ವಿಷಯಗಳನ್ನು ನಿಮಗೆ ಹೇಳಲೇಬೇಕು ಅನ್ನಿಸಿದೆ. ಭಾಷೆಯ ಬಗ್ಗೆ ಒಂದು ವಿಜ್ಞಾನ ಇದೆ, ಅದಕ್ಕೆ ನಿಮ್ಮ ಕ್ಲಾಸಿನಲ್ಲಿ ಬಹಳ ಕೆಲಸ ಇದೆ, ಆದರೆ ಅದು ಇನ್ನೂ ಅಲ್ಲಿಗೆ ಬಂದಿಲ್ಲ.

‘ಆಲು’ವಿನಿಂದಲೇ ಶುರು ಮಾಡೋಣ.

ನೀವು ಹಳಗನ್ನಡ ಓದಿದ್ದೀರಿ. ಅಲ್ಲಿ ‘ಹಾಲು’ ಇಲ್ಲ, ‘ಪಾಲ್’ ಇದೆ. ಹುಲಿ ಇಲ್ಲ, ಪುಲಿ. ಹಾವು ಇಲ್ಲ, ಪಾವು. 10ನೇ ಶತಮಾನದ ಪಂಪನ ಕಾಲಕ್ಕೆ ಕಾವ್ಯದಲ್ಲಿ ಪಕಾರವೇ. ಸುಮಾರು ಅದೇ ಹೊತ್ತಿನಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕುತ್ತದೆ, ಬರುಬರುತ್ತಾ ಜಾಸ್ತಿ ಆಗುತ್ತದೆ, 14ನೇ ಶತಮಾನದ ಹೊತ್ತಿಗೆ ಮಾತಿನ ಮೊದಲಲ್ಲಿದ್ದ ಪ ಬಹುಮಟ್ಟಿಗೆ ಹ ಆಗಿಬಿಟ್ಟಿದೆ. ಅಂದರೆ ತುಟಿ ಮುಚ್ಚಿ ಬಿಡುತ್ತಿದ್ದ ಸದ್ದು ಸಡಿಲವಾಗಿ ಬರೀ ಉಸಿರಾಯಿತು. ನೆರೆಹೊರೆಯವರನ್ನು ನೋಡಿ. ತಮಿಳಿನಲ್ಲಿ ಇವತ್ತಿಗೂ ಪಾಲ್, ತೆಲುಗಿನಲ್ಲಿ ಪಾಲು. ಮಂಗಳೂರಿನ ಕಡೆ ದಸರೆಗೆ ಕುಣಿಯುವುದು ಪಿಲಿ ವೇಷ. ತುಳುವರ ಪಿಲಿಯೂ ನಮ್ಮ ಹುಲಿಯೂ ಒಂದೇ ಮಾತು, ಅವರು ಪ ಉಳಿಸಿಕೊಂಡರು, ನಾವು ಬಿಟ್ಟೆವು.

ಇಲ್ಲಿಯವರೆಗೆ ನಿಮಗೆ ಗೊತ್ತಿರುವುದೇ. ಈಗ ಮುಂದಿನ ಹೆಜ್ಜೆ ನೋಡಿ. ಪ ಸಡಿಲವಾಗಿ ಹ ಆಯಿತು. ಆ ಹ ಇನ್ನೂ ಸಡಿಲವಾದರೆ ಏನಾಗಬೇಕು? ಏನೂ ಉಳಿಯಬಾರದು. ಪಾಲು, ಹಾಲು, ಆಲು. ನಮ್ಮ ಅಕ್ಕನ ಮಗಳು ನಿಂತಿರುವುದು ಈ ಮೂರನೇ ಮೆಟ್ಟಿಲ ಮೇಲೆ. ‘ಹಾಲು’ ಅನ್ನುವವರು ಎರಡನೇ ಮೆಟ್ಟಿಲಲ್ಲಿ ನಿಂತಿದ್ದಾರೆ. ಹತ್ತುವ ದಾರಿ ಒಂದೇ. ಅವಳದು ಸೋಮಾರಿತನವಾದರೆ ‘ಪಾಲು’ ಬಿಟ್ಟು ‘ಹಾಲು’ ಅಂದ ನಮ್ಮ ಹಿರಿಯರದ್ದೂ ಸೋಮಾರಿತನವೇ ಆಗಬೇಕು, ಅಲ್ವಾ? ಆಗ ಯಾರೋ ಒಬ್ಬ ಓಜ, ಅಂದರೆ ಆ ಕಾಲದ ಮೇಷ್ಟ್ರು, ‘ಪಾಲು’ ಅನ್ನಲು ಬರದ ಹುಡುಗನನ್ನು ಬೈದಿರಲೂಬಹುದು. ಆ ಹುಡುಗ ಆಡಿದ ಕನ್ನಡವನ್ನೇ ಇವತ್ತು ಪುಸ್ತಕದಲ್ಲಿ ಅಚ್ಚು ಹಾಕಿ ಶುದ್ಧ ಕನ್ನಡ ಅನ್ನುತ್ತಿದ್ದೇವೆ.

ಇದಕ್ಕೆ ಸಾಕ್ಷಿ ಹುಡುಕಲು ಶಾಸನದ ಸಂಪುಟ ತೆರೆಯಬೇಕಿಲ್ಲ. ನಿಮ್ಮ ಮಕ್ಕಳ ಹತ್ತಿರ ಎಣಿಕೆ ಹೇಳಿಸಿ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಈ ಒಂಬತ್ತು ಮಾತಿನಲ್ಲೂ ಇರುವುದು ಒಂದೇ ‘ಪತ್ತು’. ಮೊದಲಲ್ಲಿ ಬಂದಾಗ ಅದು ಹತ್ತು ಆಯಿತು. ಒತ್ತು ಸಿಕ್ಕಿದ ಕಡೆ ಪ ಗಟ್ಟಿಯಾಗಿ ನಿಂತಿತು: ಇಪ್ಪತ್ತು, ಎಪ್ಪತ್ತು. ಎರಡು ಸ್ವರಗಳ ನಡುವೆ ಮೆತ್ತಗಾಗಿ ವ ಆಯಿತು: ಮೂವತ್ತು, ಅರವತ್ತು. ಮೂಗಿನ ಸದ್ದಿನ ಪಕ್ಕ ಬ ಆಯಿತು: ಎಂಬತ್ತು, ತೊಂಬತ್ತು. ನಾಲ್ಕು ಕಡೆ ನಾಲ್ಕು ಥರ, ಎಲ್ಲೂ ಮನಸ್ಸಿಗೆ ಬಂದ ಹಾಗೆ ಆಗಿಲ್ಲ. ಐದು ವರ್ಷದ ಮಗು ಬೆರಳು ಮಡಚುತ್ತಾ ಹೇಳುವ ಲೆಕ್ಕದಲ್ಲಿ ಕನ್ನಡದ ಸಾವಿರ ವರ್ಷ ಇದೆ.

ಇನ್ನೊಂದು ಹೇಳುತ್ತೇನೆ, ಇದು ನನಗೆ ತುಂಬ ಇಷ್ಟವಾದದ್ದು. ಹಾವು ದೊಡ್ಡದಾದರೆ ಹೆಬ್ಬಾವು. ಹುಲಿ ದೊಡ್ಡದಾದರೆ ಹೆಬ್ಬುಲಿ. ಈ ಬ ಎಲ್ಲಿಂದ ಬಂತು? ‘ಹಾವು’ ಮೊದಲಿಂದಲೂ ‘ಹಾವು’ ಆಗಿದ್ದರೆ ಅಲ್ಲಿ ಬಕಾರಕ್ಕೆ ಕಾರಣವೇ ಇಲ್ಲ. ಪೆರ್ ಅಂದರೆ ದೊಡ್ಡದು, ಪೆರ್ ಮತ್ತು ಪಾವು ಸೇರಿ ಪೆರ್ಬಾವು, ಅದೇ ಹೆಬ್ಬಾವು. ಮೊದಲಿನ ಪ ಹ ಆಯಿತು, ನಡುವಿನ ಪ ಬ ಆಗಿ ಅಡಗಿ ಕೂತಿತು. ‘ಇವತ್ತು’ ಅನ್ನುವ ಮಾತೂ ಹೀಗೇ. ಈ ಹೊತ್ತು, ಅಂದರೆ ಈ ಪೊತ್ತು, ಅಲ್ಲಿನ ಪ ವ ಆಗಿ ಇವತ್ತು ಆಯಿತು. ದಿನಕ್ಕೆ ಎಷ್ಟು ಸಲ ಈ ಮಾತು ಆಡುತ್ತೇವೆ, ಒಳಗೆ ಏನಿದೆ ಅಂತ ಯಾರೂ ತೋರಿಸಿಕೊಟ್ಟಿಲ್ಲ.

ಇದೇ ನೋಟದಿಂದ ನಮ್ಮೂರಿನ ‘ಬತ್ತೀನಿ’ ಅನ್ನುವುದನ್ನು ನೋಡಿ. ‘ಬರ್ತೀನಿ ಅನ್ನು, ಬತ್ತೀನಿ ಅಂದ್ರೆ ಏನು, ರ ಎಲ್ಲಿ ಹೋಯ್ತು?’ ಅಂತ ನಾನೇ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ರ ಎಲ್ಲೂ ಹೋಗಿಲ್ಲ, ಪಕ್ಕದ ಅಕ್ಷರಕ್ಕೆ ಒತ್ತಾಗಿ ಕೂತಿದೆ. ಕನ್ನಡದಲ್ಲಿ ಇದು ಹೊಸದೂ ಅಲ್ಲ. ಹಳಗನ್ನಡದಲ್ಲಿ ‘ಇರ್ದು’ ಅಂತಿದ್ದದ್ದು ‘ಇದ್ದು’ ಆಯಿತು. ‘ಇದ್ದಾನೆ, ಇದ್ದಾಳೆ’ ಅಂತ ಪುಸ್ತಕದಲ್ಲೇ ಬರೆಯುತ್ತೇವೆ, ‘ಇರು’ವಿನ ರ ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಕರ್ಚು ಕಚ್ಚು ಆಯಿತು. ಎರ್ದೆ ಎದೆ ಆಯಿತು. ಪರ್ವ ಪರ್ಬ ಆಗಿ ಹಬ್ಬ ಆಯಿತು, ತತ್ಸಮ-ತದ್ಭವದ ಪಟ್ಟಿಯಲ್ಲಿ ಬಾಯಿಪಾಠ ಮಾಡಿಸಿ ಅದಕ್ಕೆ ಒಂದು ಅಂಕವನ್ನೂ ಕೊಡುತ್ತೀರಿ. ‘ತಿದ್ದು’ ಅನ್ನುವ ಮಾತೇ ಹಿಂದೆ ‘ತಿರ್ದು’ ಆಗಿತ್ತು. ‘ಬತ್ತೀನಿ’ ಅಂತ ಬರೆದದ್ದನ್ನು ನೀವು ತಿದ್ದುವಾಗ, ಆ ಮಗು ಮಾಡಿದ ಬದಲಾವಣೆ ನಿಮ್ಮ ‘ತಿದ್ದು’ವಿನಲ್ಲೂ ಇದೆ.

ಈಗ ಉತ್ತರಕ್ಕೆ ಹೋಗೋಣ. ನನ್ನ ಕೆಲಸದಲ್ಲಿ ಹುಬ್ಬಳ್ಳಿ ಕಡೆಯ ರೆಕಾರ್ಡಿಂಗುಗಳು ತುಂಬ ಬರುತ್ತವೆ. ಒಮ್ಮೆ ಒಬ್ಬ ತಾಯಿ ಅಡುಗೆ ವಿಷಯ ಮಾತಾಡುತ್ತಿದ್ದರು. ಬೇಳೆಗೆ ‘ಬ್ಯಾಳಿ’ ಅಂದರು. ಎರಡು ನಿಮಿಷ ಬಿಟ್ಟು, ಹಿತ್ತಲಲ್ಲಿ ಬಳ್ಳಿ ಹಬ್ಬಿಸಿದ ಮಾತು ಬಂದಾಗ ‘ಬೇಲಿ’ ಅಂದರು. ನಾನು ನಿಲ್ಲಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಕೇಳಿದೆ. ಬ್ಯಾಳಿ. ಬೇಲಿ. ಒಂದರಲ್ಲಿ ಬ್ಯಾ, ಇನ್ನೊಂದರಲ್ಲಿ ಬೇ. ಎರಡರ ಕೊನೆಗೂ ಇ. ಯಾಕೆ ಹೀಗೆ?

ಈ ‘ಬ್ಯಾ’ ನಮ್ಮ ಕಡೆಯೂ ಇದೆ. ಬೇಡ ಬ್ಯಾಡ ಆಗುತ್ತದೆ, ಮೇಲೆ ಮ್ಯಾಲೆ, ಬೇರೆ ಬ್ಯಾರೆ, ಪೇಟೆ ಪ್ಯಾಟೆ, ದೇವರು ದ್ಯಾವ್ರು. ಆದರೆ ‘ಬೇಕು’ ಎಂದಾದರೂ ‘ಬ್ಯಾಕು’ ಆಗಿದ್ದು ಕೇಳಿದ್ದೀರಾ? ಕೇಳು ‘ಕ್ಯಾಳು’ ಆಗಿದ್ದು? ತೇರು ‘ತ್ಯಾರು’ ಆಗಿದ್ದು? ಇಲ್ಲ. ದ್ಯಾವ್ರು ಅನ್ನುವ ಬಾಯಿಯೇ ‘ದೇವಿ’ ಅನ್ನುತ್ತದೆ, ‘ದ್ಯಾವಿ’ ಅನ್ನುವುದಿಲ್ಲ. ಪಟ್ಟಿ ಮಾಡಿ ನೋಡಿದರೆ ಕಟ್ಟಳೆ ಎದ್ದು ಕಾಣುತ್ತದೆ. ಏ ಆದ ಮೇಲೆ ಬರುವ ಸ್ವರ ಅ ಅಥವಾ ಎ ಆದರೆ ‘ಯಾ’ ಬರುತ್ತದೆ. ಇ ಅಥವಾ ಉ ಆದರೆ ಏ ಹಾಗೇ ಉಳಿಯುತ್ತದೆ. ಇಷ್ಟೇ.

ಹಾಗಾದರೆ ‘ಬ್ಯಾಳಿ’ ಕಟ್ಟಳೆ ಮುರಿಯಿತಲ್ಲ, ಕೊನೆಗೆ ಇ ಇದೆಯಲ್ಲ? ಅಲ್ಲೇ ಸೊಗಸು ಇರುವುದು. ಆ ಕಡೆ ಇನ್ನೊಂದು ಕಟ್ಟಳೆ ಇದೆ, ಮಾತಿನ ಕೊನೆಯ ಎ ಇ ಆಗುತ್ತದೆ: ಮನೆ ಮನಿ, ಕೆರೆ ಕೆರಿ, ಒಲೆ ಒಲಿ, ತಲೆ ತಲಿ. ‘ಬೇಳೆ’ಗೆ ಮೊದಲು ಬ್ಯಾ ಬಂತು, ಆಮೇಲೆ ಕೊನೆಯ ಎ ಇ ಆಯಿತು. ‘ಬೇಲಿ’ಗೆ ಮೊದಲಿಂದಲೂ ಇ ಇತ್ತು, ಅದಕ್ಕೇ ಅಲ್ಲಿ ಬ್ಯಾ ಬರಲಿಲ್ಲ. ಎರಡು ಕಟ್ಟಳೆಗಳು, ಒಂದಾದ ಮೇಲೆ ಒಂದು, ಸರಿಯಾದ ಸಾಲಿನಲ್ಲಿ. ಆ ತಾಯಿ ಶಾಲೆಗೆ ಹೋಗಿಲ್ಲ ಅಂತ ಅದೇ ರೆಕಾರ್ಡಿಂಗಿನಲ್ಲಿ ಹೇಳಿಕೊಂಡಿದ್ದರು. ಈ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ಒಂದು ಸಲವೂ ತಪ್ಪಲಿಲ್ಲ.

ಯಾರಾದರೂ ಕೇಳಬಹುದು, ‘ಬೇಸಿಗೆಗೆ ಬ್ಯಾಸಗಿ ಅಂತಾರಲ್ಲ, ಅಲ್ಲಿ ಏ ಆದ ಮೇಲೆ ಸಿ ಇದೆಯಲ್ಲ?’ ನನಗೂ ಹಾಗೇ ಅನ್ನಿಸಿತ್ತು. ಆದರೆ ‘ಬೇಸಗೆ’ ಅಂತಲೂ ಒಂದು ರೂಪ ಇದೆ, ಇವತ್ತಿಗೂ ಹಾಗೇ ಬರೆಯುವವರಿದ್ದಾರೆ. ಅಲ್ಲಿರುವುದು ಸ, ಅಂದರೆ ಅಕಾರ. ‘ಬ್ಯಾಸಗಿ’ ಹುಟ್ಟಿದ್ದು ಅದರಿಂದ. ‘ಬೇಕಾ?’ ಅನ್ನುವುದೂ ‘ಬ್ಯಾಕಾ’ ಆಗುವುದಿಲ್ಲ, ಅಲ್ಲಿ ಕಾಣದೆ ಇರುವ ‘ಬೇಕು’ವನ್ನು ನಾಲಿಗೆ ಮರೆತಿಲ್ಲ. ಭಾಷಾವಿಜ್ಞಾನ ಅಂದರೆ ನಾನು ಕಂಡಂತೆ ಇದೇ ಕೆಲಸ. ಮೊದಲು ಕೇಳಬೇಕು. ಕೇಳಿದ್ದನ್ನು ಇದ್ದ ಹಾಗೆ ಬರೆದಿಡಬೇಕು. ಕಟ್ಟಳೆ ಹುಡುಕಬೇಕು. ಆಮೇಲೆ ಆ ಕಟ್ಟಳೆಯನ್ನು ಮುರಿಯುವ ಮಾತು ಸಿಗುತ್ತದಾ ಅಂತ ಹಟ ಹಿಡಿದು ಹುಡುಕಬೇಕು. ಸಿಕ್ಕರೆ ಮಾತಾಡಿದವರದ್ದು ತಪ್ಪು ಅನ್ನುವ ಹಾಗಿಲ್ಲ. ನಾವು ಕಟ್ಟಿದ ಕಟ್ಟಳೆ ತಪ್ಪು, ಮತ್ತೆ ನೋಡಬೇಕು. ದಿನಬಳಕೆಯ ಮಾತಿಗೂ ಈ ವಿಜ್ಞಾನಕ್ಕೂ ಇರುವ ನಂಟು ಇದು. ನಮ್ಮವ್ವನ ಮಾತೇ ಅದಕ್ಕೆ ಆಧಾರ. ಅದನ್ನು ಬಿಟ್ಟರೆ ಆ ವಿಜ್ಞಾನಕ್ಕೆ ಓದಲು ಏನೂ ಇಲ್ಲ.

ಇನ್ನೊಂದು ಮಾತು ಕೇಳಿ, ಇದು ಸ್ವಲ್ಪ ಕಷ್ಟದ್ದು.

ಬರೆದ ಹಾಗೆ ಓದುವ ಭಾಷೆ ನಮ್ಮದು ಅಂತ ಹೆಮ್ಮೆಯಿಂದ ಹೇಳುತ್ತೇವೆ. ನಿಜವಾಗಿ ಯಾರು ಹಾಗೆ ಓದುತ್ತಾರೆ? ‘ಎಲ್ಲಿ’ ಅಂತ ಬರೆದದ್ದನ್ನು ಹೆಚ್ಚಿನವರು ‘ಯೆಲ್ಲಿ’ ಅಂತಲೇ ಅನ್ನುತ್ತೇವೆ. ‘ಚಿಹ್ನೆ’ ಅಂತ ಬರೆದು ‘ಚಿನ್ಹೆ’ ಅನ್ನುತ್ತೇವೆ, ‘ಬ್ರಾಹ್ಮಣ’ ಅಂತ ಬರೆದು ‘ಬ್ರಾಮ್ಹಣ’ ಅನ್ನುತ್ತೇವೆ. ಶ ಮತ್ತು ಷ ಎರಡನ್ನೂ ಬೇರೆ ಬೇರೆಯಾಗಿ ನುಡಿಯುವವರು ಎಷ್ಟು ಜನ? ವೇದಿಕೆ ಮೇಲೆ ನಿಂತು ಭಾಷಣ ಮಾಡುವವರೂ ಎರಡನ್ನೂ ಒಂದೇ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಹ ಬರೆದಿರುವ ‘ಅವರ್’ಗೂ ‘ಆನೆಸ್ಟ್’ಗೂ ಹ ಸೇರಿಸಿ ಓದಿದರೆ ತಪ್ಪು ಅಂತ ಅದೇ ಶಾಲೆಯಲ್ಲಿ ತಿದ್ದುತ್ತಾರೆ. ಫ್ರೆಂಚರು ಹಕಾರವನ್ನು ಪೂರ್ತಿ ಬಿಟ್ಟೇಬಿಟ್ಟಿದ್ದಾರೆ, ಅದನ್ನು ಜಗತ್ತು ನಯವಾದ ಭಾಷೆ ಅನ್ನುತ್ತದೆ. ಹಕಾರ ಬಿಡುವುದರಲ್ಲಿ ಯಾವ ಕೀಳುತನವೂ ಇಲ್ಲ. ಹಾಗಿದ್ದರೆ ‘ಚಿನ್ಹೆ’ಗೆ ನಗದವರು ‘ಆಲು’ವಿಗೆ ಯಾಕೆ ನಗುತ್ತಾರೆ? ಯಾರು ‘ಆಲು’ ಅನ್ನುತ್ತಾರೆ ಅನ್ನುವುದೇ ಅದಕ್ಕೆ ಉತ್ತರ. ಹೊಲದಲ್ಲಿ ಕೆಲಸ ಮಾಡುವವರು, ಶಾಲೆ ಕಾಣದವರು, ಇಂಥಿಂಥ ಜಾತಿಯವರು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿರುತ್ತೇವೆ. ಮಾತಿಗೆ ನಕ್ಕ ಹಾಗೆ ಕಾಣುತ್ತದೆ, ನಗುವುದು ಮನುಷ್ಯರಿಗೆ.

ವಿಲಿಯಂ ಬ್ರೈಟ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ 1950ರ ದಶಕದಲ್ಲೇ ನಮ್ಮ ಆಡುಗನ್ನಡದ ಬಗ್ಗೆ ಪುಸ್ತಕ ಬರೆದವರು. 1960ರಲ್ಲಿ ಅವರು ಜಾತಿಗೂ ಮಾತಿನ ಬದಲಾವಣೆಗೂ ಇರುವ ನಂಟಿನ ಬಗ್ಗೆ ಒಂದು ಲೇಖನ ಬರೆದರು. ಅದರ ತಿರುಳು ಇಷ್ಟು: ಬ್ರಾಹ್ಮಣರ ಕನ್ನಡವೂ ಬದಲಾಗಿದೆ, ಬೇರೆಯವರ ಕನ್ನಡವೂ ಬದಲಾಗಿದೆ, ಬದಲಾದ ಬಗೆ ಬೇರೆ. ಒಂದು ಕಡೆ ಹೊರಗಿನ ಪದಗಳು, ಹೊರಗಿನ ಸದ್ದುಗಳು ತಿಳಿದೂ ತಿಳಿದೂ ಬಂದು ಸೇರಿದವು. ಇನ್ನೊಂದು ಕಡೆ ಒಳಗಿನ ಸದ್ದುಗಳೇ ಯಾರಿಗೂ ಗೊತ್ತಾಗದ ಹಾಗೆ ಸರಿದವು. ಬದಲಾಗದ ಕನ್ನಡ ಯಾರ ಮನೆಯಲ್ಲೂ ಇಲ್ಲ. ಇಷ್ಟು ವರ್ಷವಾದರೂ ಈ ಮಾತು ಶಿಕ್ಷಕರ ತರಬೇತಿಯ ಪಾಠದೊಳಗೆ ಗಟ್ಟಿಯಾಗಿ ಬಂದಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ವಿಷಯ. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ 1969ರಿಂದ ಮೈಸೂರಿನಲ್ಲೇ ಇದೆ. ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಆ ದಾರಿಯಲ್ಲಿ ಓಡಾಡುವ ಬಸ್ಸಿನ ತುಂಬ ‘ಬತ್ತೀನಿ’ ಅನ್ನುವವರೇ ಇರುತ್ತಾರೆ.

ಭಯ ಹಾಕಿ ಕಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ‘ಹನ್ನ’ ಒಂದೇ ಉದಾಹರಣೆ ಅಲ್ಲ. ಅಂಗಡಿ ಬೋರ್ಡುಗಳಲ್ಲಿ, ಅರ್ಜಿಗಳಲ್ಲಿ ‘ಒಂಭತ್ತು’, ‘ಎಂಭತ್ತು’ ನೋಡಿರುತ್ತೀರಿ. ಒಂಬತ್ತು ಅಪ್ಪಟ ಕನ್ನಡದ ಮಾತು, ಅದಕ್ಕೆ ಮಹಾಪ್ರಾಣ ಬರಲು ಕಾರಣವೇ ಇಲ್ಲ. ಆದರೂ ಬರೆದವರು ಓದಿದವರೇ. ‘ಮಹಾಪ್ರಾಣ ಬಿಟ್ಟರೆ ಹಳ್ಳಿಯವರು ಅಂತಾರೆ’ ಅನ್ನುವ ಅಂಜಿಕೆ ಕೈಯಲ್ಲಿ ಕೂತಿದೆ, ಅದಕ್ಕೆ ಬೇಡದ ಕಡೆಯೂ ಹೊಟ್ಟೆ ಸೀಳುತ್ತೇವೆ. ನಮ್ಮ ಅಕ್ಕನ ಮಗಳ ಹನ್ನಕ್ಕೂ ಈ ಒಂಭತ್ತಿಗೂ ಬೇರು ಒಂದೇ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು. ‘ಹಾಗಾದರೆ ಏನು ಬರೆದರೂ ಸರೀನಾ? ಕಾಗುಣಿತ ಬೇಡವಾ? ಪರೀಕ್ಷೆಯಲ್ಲಿ ಆಲು ಅಂತ ಬರೆದರೆ ಅಂಕ ಕೊಡಬೇಕಾ?’

ಕಾಗುಣಿತ ಬೇಕು. ಖಂಡಿತ ಬೇಕು. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಅಂತ ಬರೆಸಿದವರೇ 4 ಕೋಟಿ 37 ಲಕ್ಷ ಜನ. ಇಷ್ಟು ಜನ ಇಷ್ಟು ಬಗೆಯಲ್ಲಿ ಮಾತಾಡುವಾಗ, ಬೀದರಿನಲ್ಲಿ ಬರೆದ ಕಾಗದ ಕೊಳ್ಳೇಗಾಲದಲ್ಲಿ ಓದಿದರೆ ತಿಳಿಯಬೇಕು ಅಂದರೆ, ಎಲ್ಲರೂ ಒಪ್ಪಿಕೊಂಡ ಒಂದು ಬರಹದ ಕನ್ನಡ ಬೇಕೇ ಬೇಕು. ಅದು ಗೊತ್ತಿಲ್ಲದ ಮಗುವಿಗೆ ಮುಂದೆ ಅರ್ಜಿ, ಪರೀಕ್ಷೆ, ಕೆಲಸ ಎಲ್ಲದರಲ್ಲೂ ಪೆಟ್ಟು ಬೀಳುತ್ತದೆ. ಅದನ್ನು ಹೇಳಿಕೊಡುವವರು ನೀವು, ಅದು ದೊಡ್ಡ ಕೆಲಸ, ನಾನು ಇವತ್ತು ಈ ಪತ್ರ ಬರೆಯುತ್ತಿರುವುದೂ ನೀವು ಕಲಿಸಿದ ಕನ್ನಡದಲ್ಲೇ. ಒಪ್ಪಿಕೊಂಡದ್ದನ್ನು ಒಪ್ಪಿಕೊಂಡದ್ದು ಅಂತ ಹೇಳಿ, ಅಷ್ಟೇ ನನ್ನ ಕೋರಿಕೆ. ರಸ್ತೆಯಲ್ಲಿ ಎಡಕ್ಕೆ ಹೋಗಬೇಕು ಅನ್ನುವುದು ಎಲ್ಲರ ಒಪ್ಪಂದ. ಅದು ಮುರಿದರೆ ಅಪಘಾತ ಆಗುತ್ತದೆ. ಹಾಗಂತ ಬಲಗೈ ಕೀಳು ಅಂತ ಮಕ್ಕಳಿಗೆ ಹೇಳುವುದಿಲ್ಲ.

ಭಾಷೆಯಲ್ಲಿ ತಪ್ಪು ಅನ್ನುವುದೇ ಇಲ್ಲ ಅಂತಲೂ ಭಾಷಾವಿಜ್ಞಾನ ಹೇಳುವುದಿಲ್ಲ. ‘ನಾನು ಹೋದಳು’ ಯಾವ ಜಿಲ್ಲೆಯ ಕನ್ನಡದಲ್ಲೂ ತಪ್ಪೇ. ಆದರೆ ಗಮನಿಸಿ, ಕನ್ನಡದ ಮನೆಯಲ್ಲಿ ಬೆಳೆದು ಶಾಲೆಗೆ ಬರುವ ಹೊತ್ತಿಗೆ ಯಾವ ಮಗುವೂ ಹಾಗೆ ಹೇಳುವುದಿಲ್ಲ. ಮಗು ನಿಮ್ಮ ಬಾಗಿಲಿಗೆ ಬರುವ ಮೊದಲೇ ಕನ್ನಡದ ಮುಕ್ಕಾಲು ವ್ಯಾಕರಣ ಕಲಿತೇ ಬಂದಿರುತ್ತದೆ, ತನ್ನ ಮನೆಯ ವ್ಯಾಕರಣ.

ಕೇಶಿರಾಜ ನಿಮಗೆಲ್ಲ ಗೊತ್ತು. 13ನೇ ಶತಮಾನದ ವ್ಯಾಕರಣಕಾರ. ‘ಶಬ್ದಮಣಿದರ್ಪಣ’ದಲ್ಲಿ ಅವನು ರಳ ಅಂದರೆ ೞಕಾರ (ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರ) ಇರುವ ಮಾತುಗಳ ಪಟ್ಟಿಯನ್ನೇ ಕೊಡುತ್ತಾನೆ. ಯಾವ ಮಾತಿನಲ್ಲಿ ೞ, ಯಾವುದರಲ್ಲಿ ಳ ಅಂತ ಪಟ್ಟಿ ಮಾಡಿ ಹೇಳಬೇಕಾಯಿತು ಅಂದರೇನು? ಆ ಹೊತ್ತಿಗೆ ಜನರ ಬಾಯಲ್ಲಿ ಎರಡೂ ಒಂದಾಗುತ್ತಿದ್ದವು, ಕಿವಿಯಿಂದ ತಿಳಿಯುತ್ತಿರಲಿಲ್ಲ. ಅಷ್ಟು ದೊಡ್ಡ ಪಂಡಿತ ಪಟ್ಟಿ ಕೊಟ್ಟ ಮೇಲೂ ೞ ಉಳಿಯಲಿಲ್ಲ. ಏೞು ಏಳಾಯಿತು, ಬಾೞು ಬಾಳಾಯಿತು, ಬಿೞ್ದು ಬಿದ್ದು ಆಯಿತು. ಹಳಗನ್ನಡದ ಇನ್ನೊಂದು ಅಕ್ಷರ ಱಕಾರವೂ ಹೋಯಿತು. ಕನ್ನಡಕ್ಕೆ ಏನೂ ಆಗಲಿಲ್ಲ. ಕೇಶಿರಾಜನನ್ನು ಇವತ್ತು ನಾವು ಓದುವುದು ಅವನು ತಡೆಯಲು ಆಗಲಿಲ್ಲ ಅಂತಲ್ಲ. ತನ್ನ ಕಾಲದ ಕನ್ನಡವನ್ನು ಅಷ್ಟು ಹತ್ತಿರದಿಂದ ನೋಡಿ ಬರೆದಿಟ್ಟ ಅಂತ.

ನಮ್ಮ ಕಾಲದಲ್ಲೂ ಅಂಥವರಿದ್ದರು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಬಾಯಲ್ಲಿಲ್ಲದ ಮಹಾಪ್ರಾಣಗಳು ಬರಹದಲ್ಲೂ ಬೇಡ ಅಂತಲೇ ವಾದಿಸಿದರು, ತಾವೂ ಹಾಗೇ ಬರೆದರು. ನಾನು ಅಷ್ಟು ದೂರ ಹೋಗುವುದಿಲ್ಲ. ಒಂದು ಸಲ ಕೈಗೆ ಹತ್ತಿದ ಬರಹವನ್ನು ಅಷ್ಟು ಬೇಗ ಬದಲಿಸಿದರೆ ಹಳೆಯ ಪುಸ್ತಕಗಳು ಮಕ್ಕಳಿಗೆ ದೂರವಾಗುತ್ತವೆ ಅನ್ನುವುದು ನನ್ನ ಅನಿಸಿಕೆ. ಆದರೆ ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕನ್ನಡದ ವ್ಯಾಕರಣವನ್ನು ಕನ್ನಡಿಗರ ಮಾತಿನಿಂದ ಶುರು ಮಾಡಬೇಕಲ್ಲವೇ, ಸಂಸ್ಕೃತದ ಸೂತ್ರದಿಂದ ಯಾಕೆ?

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಕಾಪಿ ತಿದ್ದುವಾಗ ‘ತಪ್ಪು’ ಅಂತ ಅಡ್ಡಗೆರೆ ಹಾಕುವ ಬದಲು ‘ಬರೆಯುವಾಗ ಹೀಗೆ’ ಅಂತ ಪಕ್ಕದಲ್ಲಿ ಬರೆಯಿರಿ. ಓದಿಸುವಾಗ ‘ಆಲು’ ಅಂದರೆ ‘ಹ್ಞೂಂ, ಮನೇಲಿ ಆಲು ಅಂತೀವಿ, ಪುಸ್ತಕದಲ್ಲಿ ಹಾಲು ಅಂತ ಇದೆ ನೋಡು’ ಅನ್ನಿ. ಎರಡೇ ಸೆಕೆಂಡಿನ ಮಾತು, ಮಗು ಹಾಲು ಅನ್ನುವುದನ್ನೂ ಕಲಿಯುತ್ತದೆ, ಮನೆಯ ಮಾತಿಗೆ ನಾಚಿಕೊಳ್ಳುವುದೂ ಇಲ್ಲ. ಬೇರೆ ಮಕ್ಕಳು ನಕ್ಕರೆ ಎಣಿಕೆ ಹೇಳಿಸಿ, ‘ಇಪ್ಪತ್ತಿನಲ್ಲಿ ಪ ಎಲ್ಲಿಂದ ಬಂತು ಹೇಳಿ ನೋಡೋಣ’ ಅಂತ ಕೇಳಿ. ನಗು ನಿಂತು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ವಿಜ್ಞಾನದ ಕ್ಲಾಸಿಗೆ ಲ್ಯಾಬ್ ಬೇಕು, ಉಪಕರಣ ಬೇಕು. ಭಾಷೆಯ ವಿಜ್ಞಾನಕ್ಕೆ ಮಕ್ಕಳ ಬಾಯಿ, ಮನೆಯಲ್ಲಿರುವ ಅಜ್ಜಿ, ಒಂದು ನೋಟ್‌ಬುಕ್ ಸಾಕು.

ತರಬೇತಿ ಕೊಡುವವರು ಒಂದು ಕೆಲಸ ಮಾಡಬಹುದು. ಶಿಕ್ಷಕರಾಗಿ ಹೋಗುವವರಿಗೆ ತಾವು ಕೆಲಸ ಮಾಡುವ ಜಿಲ್ಲೆಯ ಮಾತಿನ ಕಟ್ಟಳೆಗಳನ್ನು ಮೊದಲೇ ಹೇಳಿಕೊಡಿ. ಮೈಸೂರು ಕಡೆಯವರು ಕೊಪ್ಪಳಕ್ಕೆ ಹೋಗಿ ಕಲಿಸುತ್ತಾರೆ, ಅಲ್ಲಿನ ಮಗು ‘ಊರಾಗ’ ಅಂದರೆ ತಿದ್ದಲು ಹೋಗುತ್ತಾರೆ. ‘ಊರೊಳಗೆ’ಯಿಂದ ಬಂದ ‘ಊರಾಗ’ ಹಳಗನ್ನಡದ ‘ಊರೊಳ್’ಗೆ ‘ಊರಲ್ಲಿ’ಗಿಂತ ಹತ್ತಿರ ಅಂತ ಅವರಿಗೆ ಗೊತ್ತಿದ್ದರೆ ಆ ಮಗುವನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ. ಪಠ್ಯ ಬರೆಯುವವರು ತತ್ಸಮ-ತದ್ಭವದ ಪಟ್ಟಿಯ ಪಕ್ಕದಲ್ಲಿ ಒಂದು ಪುಟ ಖಾಲಿ ಬಿಡಿ, ‘ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?’ ಅಂತ ಮೇಲೆ ಬರೆದು.

ಆ ರಾತ್ರಿ ನಾನು ಅಕ್ಕನ ಮಗಳಿಗೆ ಹೆಬ್ಬಾವಿನ ಕತೆ ಹೇಳಿದೆ. ಮಾರನೇ ದಿನ ಅವಳು ಒಂದು ಹಳೇ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ‘ಅಜ್ಜಿ’, ಬಲಕ್ಕೆ ‘ಪುಸ್ತಕ’ ಅಂತ ಬರೆದಿದ್ದಳು. ಅಸ, ಹಸು. ಇಟ್ಟು, ಹಿಟ್ಟು. ಉಣ್ಸೆ, ಹುಣಸೆ. ಬ್ಯಾಡ, ಬೇಡ. ಅವ್ವ ಪಾತ್ರೆ ತೊಳೆಯುತ್ತಾ ಮಾತಾಡುತ್ತಿದ್ದರೆ ಇವಳು ಪಕ್ಕದಲ್ಲಿ ಕೂತು ಕಿವಿಗೊಟ್ಟು ಬರೆದುಕೊಳ್ಳುತ್ತಾಳೆ, ನಡುನಡುವೆ ‘ಇನ್ನೊಂದ್ ಸಲ ಹೇಳು ಅಜ್ಜಿ’ ಅನ್ನುತ್ತಾಳೆ. ಮೊನ್ನೆಗೆ 34 ಜೋಡಿ ಆಗಿದ್ದವು. ಊಟಕ್ಕೆ ಕೂತಾಗ ‘ಅನ್ನ’ ವಾಪಸ್ ಬಂದಿದೆ.

ಆ ನೋಟ್‌ಬುಕ್ಕನ್ನು ಶಾಲೆಗೆ ತಗೊಂಡು ಹೋಗಿ ಟೀಚರಿಗೆ ತೋರಿಸಲಾ ಅಂತ ನನ್ನ ಕೇಳಿದಳು. ನಾನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ತೋರಿಸಬಹುದಾ?

ನಿಮ್ಮ ವಿಶ್ವಾಸಿ,
ಮದ್ದೂರು ಸೀಮೆಯ ಒಬ್ಬ ಹಳೇ ವಿದ್ಯಾರ್ಥಿ